ಮಿದುಳಿನ ಒಂದು ಚಿತ್ರಕ್ಕೆ ಎಷ್ಟು ಖರ್ಚು, ಎಷ್ಟು ಹೊತ್ತು: ಮಾದಾಪುರದಿಂದ ಬೀದರ್‌ವರೆಗಿನ ಲೆಕ್ಕ

ಹೈದರಾಬಾದ್‌ನ ಮಾದಾಪುರದಿಂದ ಬೆಳಿಗ್ಗೆ 9 ಗಂಟೆಗೆ ಸೀಸದ ಡಬ್ಬಿಯಲ್ಲಿ 1,000 ಮೆಗಾಬೆಕೆರಲ್‌ನಷ್ಟು ಫ್ಲೋರಿನ್-18 ಎಂಬ ವಿಕಿರಣ ವಸ್ತು ಹೊರಟಿತು ಎಂದಿಟ್ಟುಕೊಳ್ಳಿ. ಗಾಡಿ ಸಂಗಾರೆಡ್ಡಿ, ಜಹೀರಾಬಾದ್ ದಾಟಿ ಮಧ್ಯಾಹ್ನ 12ಕ್ಕೆ ಬೀದರ್ ಮುಟ್ಟುವಾಗ ಡಬ್ಬಿಯಲ್ಲಿ ಉಳಿದಿರುವುದು 321. ಡಬ್ಬಿ ಸೋರಿಲ್ಲ, ಯಾರೂ ಮುಟ್ಟಿಲ್ಲ. ಫ್ಲೋರಿನ್-18 ಇರುವುದೇ ಹಾಗೆ: ಪ್ರತಿ 110 ನಿಮಿಷಕ್ಕೆ ಅರ್ಧ ಕರಗುತ್ತದೆ. ಇದನ್ನು ಬಳಸಿ ಮರೆವಿನ ಕಾಯಿಲೆಯನ್ನು ಮಿದುಳಿನೊಳಗೇ ಕಂಡುಹಿಡಿಯುವ ಸ್ಕ್ಯಾನ್ ಏಕೆ ಇಷ್ಟು ದುಬಾರಿ, ಏಕೆ ಮಹಾನಗರ ಬಿಟ್ಟು ಹೊರಗೆ ಬರುವುದಿಲ್ಲ ಎಂಬ ಪ್ರಶ್ನೆಗೆ ಮುಕ್ಕಾಲು ಉತ್ತರ ಈ ಒಂದು ಸಂಖ್ಯೆಯಲ್ಲಿದೆ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ಮಂದಿಗೆ ದೊಡ್ಡ ಆಸ್ಪತ್ರೆ ಎಂದರೆ ಇಂದಿಗೂ ಹೈದರಾಬಾದೇ. 1956ರ ನವೆಂಬರ್ 1ರಂದು ರಾಜ್ಯ ಬದಲಾಯಿತು. ಕಾಯಿಲೆಯವರು ಹತ್ತುವ ಬಸ್ಸು ಬದಲಾಗಲಿಲ್ಲ. 'ಅಪ್ಪಗ ಏನೂ ನೆನಪ ಉಳಿವಲ್ದು, ತಲಿ ಸ್ಕ್ಯಾನ್ ಮಾಡಸ್ಬೇಕ್ರಿ' ಎಂದುಕೊಂಡು ಮಾದಾಪುರ, ಪಂಜಗುಟ್ಟದ ಕಡೆ ಹೊರಡುವ ಕುಟುಂಬಗಳಿಗಾಗಿಯೇ ಈ ಲೆಕ್ಕ.

ಎಷ್ಟು ಕುಟುಂಬ? ರಾಷ್ಟ್ರಮಟ್ಟದ ಲಾಸಿ-ಡ್ಯಾಡ್ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4 ಮಂದಿಗೆ ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇದೆ, ಅಂದರೆ ಸುಮಾರು 88 ಲಕ್ಷ ಜನ. ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು: ಶೇ 5.3 ಮತ್ತು ಶೇ 8.4. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು: ಶೇ 5.8 ಮತ್ತು ಶೇ 9. 2011ರ ಜನಗಣತಿಯಲ್ಲಿ ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ ಜಿಲ್ಲೆಗಳ ಒಟ್ಟು ಜನಸಂಖ್ಯೆ 73,72,709. ಆಗ ರಾಜ್ಯದಲ್ಲಿ 60 ದಾಟಿದವರ ಪಾಲು ಶೇ 9.5ರಷ್ಟಿತ್ತು. ಅದನ್ನೇ ಹಿಡಿದರೆ ಈ ನಾಲ್ಕು ಜಿಲ್ಲೆಗಳಲ್ಲಿ ಹಿರಿಯರು 7 ಲಕ್ಷ, ಮರೆವಿನ ಕಾಯಿಲೆಯವರು ಸುಮಾರು 52 ಸಾವಿರ. ಬೀದರ್ ಒಂದರಲ್ಲೇ 12 ಸಾವಿರ. ಇದು ಹಳೆಯ ಜನಗಣತಿಯ ಮೇಲೆ ಮಾಡಿದ ಅಂದಾಜು. ಇಂದಿನ ಸಂಖ್ಯೆ ಇದಕ್ಕಿಂತ ಹೆಚ್ಚೇ ಇರಬೇಕು. ಇವರಲ್ಲಿ ಬಹುಪಾಲು ಜನರಿಗೆ ಕಾಯಿಲೆಯ ಹೆಸರೇ ಗೊತ್ತಿಲ್ಲ. 'ಅರವತ್ತಕ್ಕೆ ಅರಳುಮರಳು' ಎಂಬ ಮಾತಿನಲ್ಲಿ ಮನೆಯವರೂ ಸುಮ್ಮನಾಗುತ್ತಾರೆ, ಊರಿನವರೂ ಸುಮ್ಮನಾಗುತ್ತಾರೆ.

ಅಂಟಿಕೊಳ್ಳುವ ಅಣು

ಈ ಸ್ಕ್ಯಾನ್‌ಗಾಗಿ ರೋಗಿಗೆ ಚುಚ್ಚುವ ಟ್ರೇಸರ್ ಎಂದರೆ ಎರಡು ಭಾಗದ ಒಂದು ಅಣು. ಒಂದು ಭಾಗ ಮಿದುಳಿನಲ್ಲಿ ಕಟ್ಟಿಕೊಂಡಿರುವ ಕೆಟ್ಟ ಪ್ರೋಟೀನಿಗೆ ಅಂಟುತ್ತದೆ. ಇನ್ನೊಂದು ಭಾಗದಲ್ಲಿರುವ ವಿಕಿರಣ ಪರಮಾಣು 'ಇಲ್ಲಿದ್ದೇನೆ' ಎಂದು ಹೊರಗಿನ ಪೆಟ್ ಸ್ಕ್ಯಾನ್ ಯಂತ್ರಕ್ಕೆ ತಿಳಿಸುತ್ತದೆ. ಆಲ್ಝೈಮರ್ಸ್‌ನಲ್ಲಿ ಅಮೈಲಾಯ್ಡ್ ಮತ್ತು ಟೌ ಎಂಬ ಪ್ರೋಟೀನುಗಳು, ಪಾರ್ಕಿನ್ಸನ್‌ನಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಹೀಗೆ ಕಟ್ಟಿಕೊಳ್ಳುತ್ತವೆ. ಅಮೈಲಾಯ್ಡ್ ಸೇರತೊಡಗುವುದು ಮರೆವು ಕಾಣಿಸಿಕೊಳ್ಳುವುದಕ್ಕೆ 15-20 ವರ್ಷ ಮೊದಲೇ.

ಮೊದಲ ದೊಡ್ಡ ಯಶಸ್ಸು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಅವರದು. ಪ್ರಯೋಗಾಲಯದಲ್ಲಿ ಮಿದುಳಿನ ತುಣುಕಿಗೆ ಬಣ್ಣ ಹಾಕಲು ಬಳಸುತ್ತಿದ್ದ ಥಯೋಫ್ಲೇವಿನ್ ಎಂಬ ದ್ರವ್ಯವನ್ನು ತಿದ್ದಿ ತಿದ್ದಿ, ರಕ್ತದಿಂದ ಮಿದುಳಿನೊಳಕ್ಕೆ ನುಸುಳುವ ಅಣುವನ್ನಾಗಿ ಮಾಡಿದರು. 2002ರ ಫೆಬ್ರವರಿಯಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಅದನ್ನು ಮೊದಲ ಸಲ ಮನುಷ್ಯರಿಗೆ ಕೊಡಲಾಯಿತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ 16 ರೋಗಿಗಳೂ ಹೋಲಿಕೆಗೆಂದು 9 ಆರೋಗ್ಯವಂತರೂ ಇದ್ದರು. ಆದರೆ ಆ ಅಣುವಿನಲ್ಲಿದ್ದದ್ದು ಕಾರ್ಬನ್-11. ಅದರ ಅರ್ಧಾಯು ಬರೀ 20.4 ನಿಮಿಷ. ಇಂಥ ವಿಕಿರಣ ಪರಮಾಣು ತಯಾರಿಸುವ ಯಂತ್ರವಾದ ಸೈಕ್ಲೋಟ್ರಾನ್ ಇರುವ ಕಟ್ಟಡದಲ್ಲೇ ರೋಗಿಯೂ ಇರಬೇಕು.

ಕಾರ್ಬನ್ ಬದಲು ಫ್ಲೋರಿನ್ ಕೂರಿಸಲು ಹತ್ತು ವರ್ಷ ಹಿಡಿಯಿತು. ಅಮೆರಿಕದ ಔಷಧ ಆಡಳಿತ 2012ರ ಏಪ್ರಿಲ್‌ನಲ್ಲಿ ಫ್ಲೋರ್ಬೆಟಾಪಿರ್‌ಗೆ, 2013ರ ಅಕ್ಟೋಬರ್‌ನಲ್ಲಿ ಫ್ಲೂಟೆಮೆಟಮಾಲ್‌ಗೆ, 2014ರ ಮಾರ್ಚ್‌ನಲ್ಲಿ ಫ್ಲೋರ್ಬೆಟಾಬೆನ್‌ಗೆ ಒಪ್ಪಿಗೆ ಕೊಟ್ಟಿತು. ಟೌ ತೋರಿಸುವ ಫ್ಲೋರ್‌ಟೌಸಿಪಿರ್ ಬಂದದ್ದು 2020ರ ಮೇ ತಿಂಗಳಲ್ಲಿ. ಫ್ಲೋರ್ಬೆಟಾಪಿರ್ ತೋರಿಸುವ ಚಿತ್ರ ನಿಜವೇ ಎಂದು ಪರೀಕ್ಷಿಸಲು ಬದುಕಿನ ಕೊನೆಯ ದಿನಗಳಲ್ಲಿದ್ದ 152 ಮಂದಿ ಸ್ಕ್ಯಾನ್ ಮಾಡಿಸಿಕೊಳ್ಳಲು ಒಪ್ಪಿದರು. ಅವರಲ್ಲಿ 59 ಮಂದಿ ತೀರಿಕೊಂಡ ಮೇಲೆ ಮಿದುಳನ್ನು ತೆಗೆದು ನೋಡಿ ಚಿತ್ರದೊಂದಿಗೆ ತಾಳೆ ಹಾಕಲಾಯಿತು. ಅಮೈಲಾಯ್ಡ್ ಇದ್ದವರಲ್ಲಿ ಶೇ 92 ಮಂದಿಯನ್ನು ಸ್ಕ್ಯಾನ್ ಸರಿಯಾಗಿ ಗುರುತಿಸಿತ್ತು. ಇಲ್ಲದವರಲ್ಲಿ ಒಬ್ಬರನ್ನೂ 'ಇದೆ' ಎಂದು ಹೇಳಿರಲಿಲ್ಲ. ಈ ಕ್ಷೇತ್ರದ ಎಲ್ಲ ಖರ್ಚಿನ ಪಟ್ಟಿಯಲ್ಲಿ ಬೆಲೆ ಕಟ್ಟಲಾಗದ್ದು ಆ 59 ಕುಟುಂಬಗಳ ಒಪ್ಪಿಗೆ.

ಔಷಧ ಕಂಪನಿಗಳಿಗೂ ಈ ಸ್ಕ್ಯಾನ್‌ನಿಂದ ದೊಡ್ಡ ಪಾಠವಾಯಿತು. ಬಾಪಿನ್ಯೂಝುಮ್ಯಾಬ್ ಎಂಬ ಔಷಧ ಸೋತ ಪ್ರಯೋಗದ ವಿವರ 2014ರಲ್ಲಿ ಹೊರಬಂದಾಗ, ಅಪೋಇ4 ಎಂಬ ಜೀನ್ ಇಲ್ಲದೆ ಪೆಟ್ ಸ್ಕ್ಯಾನ್ ಮಾಡಿಸಿಕೊಂಡವರಲ್ಲಿ ಶೇ 36 ಮಂದಿಯ ಮಿದುಳಿನಲ್ಲಿ ಅಮೈಲಾಯ್ಡ್ ಗಣನೀಯವಾಗಿ ಇರಲೇ ಇಲ್ಲವೆಂದು ತಿಳಿಯಿತು. ಇಲ್ಲದ ರೋಗಕ್ಕೆ ಔಷಧ ಕೊಟ್ಟು ಗುಣ ಕಾಣಲಿಲ್ಲ ಎಂದಂತಾಗಿತ್ತು. ಆಮೇಲೆ ಬಂದ ಡೊನಾನೆಮ್ಯಾಬ್‌ನ ಪ್ರಯೋಗದಲ್ಲಿ 8,240 ಜನರನ್ನು ಪರಿಶೀಲಿಸಿ 1,736 ಮಂದಿಯನ್ನಷ್ಟೇ ಸೇರಿಸಿಕೊಂಡರು. ಆ ಜರಡಿಯ ಮುಖ್ಯ ಕಣ್ಣುಗಳೇ ಅಮೈಲಾಯ್ಡ್ ಮತ್ತು ಟೌ ಟ್ರೇಸರ್‌ಗಳು.

ಒಂದು ಡೋಸ್‌ನ ಒಳಗೆ

ಫ್ಲೋರ್ಬೆಟಾಪಿರ್‌ನ ಒಂದು ಡೋಸ್ 370 ಮೆಗಾಬೆಕೆರಲ್. ಬೆಕೆರಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವುದು. ಹಾಗಾಗಿ ಚುಚ್ಚಿದ ಗಳಿಗೆಯಲ್ಲಿ ಸೆಕೆಂಡಿಗೆ 37 ಕೋಟಿ ಪರಮಾಣು ಒಡೆಯುತ್ತಿರುತ್ತವೆ. ಕೇಳಲು ದೊಡ್ಡದು, ತೂಕದಲ್ಲಿ ಏನೇನೂ ಅಲ್ಲ. ಅರ್ಧಾಯುವಿನಿಂದ ಲೆಕ್ಕ ಹಾಕಿದರೆ ವಿಕಿರಣ ಹೊತ್ತ ಅಣುಗಳ ಒಟ್ಟು ತೂಕ ಸುಮಾರು 2 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಂನ 50 ಕೋಟಿಯಲ್ಲಿ ಒಂದು ಪಾಲು. ವಿಕಿರಣ ಇಲ್ಲದ ಅದೇ ಜಾತಿಯ ಅಣುಗಳು ಜೊತೆಗೆ ಬಂದರೂ ಮೈಕ್ರೋಗ್ರಾಂ ಮಟ್ಟ ಮೀರುವುದಿಲ್ಲ. ರೋಗಿಯ ಮೈಗೆ ತಗಲುವ ವಿಕಿರಣ ಸುಮಾರು 7 ಮಿಲಿಸೀವರ್ಟ್. ಜಗತ್ತಿನಲ್ಲಿ ಒಬ್ಬ ಮನುಷ್ಯನಿಗೆ ನೆಲ, ಗಾಳಿ, ಆಕಾಶದಿಂದ ಸಹಜವಾಗಿ ಬರುವುದು ವರ್ಷಕ್ಕೆ ಸರಾಸರಿ 2.4. ಮೂರು ವರ್ಷದ್ದು ಒಂದೇ ದಿನ ಬಂದಂತೆ. ವಯಸ್ಸಾದವರಿಗೆ ಇದು ಹೆದರುವ ಪ್ರಮಾಣವಲ್ಲ, ಸುಮ್ಮಸುಮ್ಮನೆ ಮಾಡಿಸುವ ಪ್ರಮಾಣವೂ ಅಲ್ಲ.

ಕಚ್ಚಾ ಸಾಮಗ್ರಿ ನೀರು. ಆದರೆ ಸಾಮಾನ್ಯ ನೀರಲ್ಲ, ಆಮ್ಲಜನಕ-18 ತುಂಬಿದ ನೀರು. ಬಾವಿಯ ನೀರಿನಲ್ಲಿ ಅಂಥ ಆಮ್ಲಜನಕ ಸಾವಿರಕ್ಕೆ ಎರಡು ಮಾತ್ರ. ಸೈಕ್ಲೋಟ್ರಾನಿಗೆ ನೂರಕ್ಕೆ ತೊಂಬತ್ತೈದರ ಮೇಲೆ ಬೇಕು. ಬಹುಕಾಲ ಇದನ್ನು ಹೊರದೇಶದಿಂದ ತರಿಸುತ್ತಿದ್ದೆವು. ಈಗ ಭಾರಜಲ ಮಂಡಳಿ ತೆಲಂಗಾಣದ ಮಣುಗೂರಿನ ತನ್ನ ಸ್ಥಾವರದಲ್ಲೇ ಇದನ್ನು ತಯಾರಿಸಲು ತೊಡಗಿರುವುದು ಹೈದರಾಬಾದ್‌ಗೂ ಬೆಂಗಳೂರಿಗೂ ಒಳ್ಳೆಯ ಸುದ್ದಿ. ಎರಡು-ಮೂರು ಮಿಲಿಲೀಟರ್ ನೀರಿಗೆ ಪ್ರೋಟಾನುಗಳನ್ನು ಹೊಡೆದರೆ ಆಮ್ಲಜನಕ-18 ಫ್ಲೋರಿನ್-18 ಆಗುತ್ತದೆ.

ಅಲ್ಲಿಂದ ಓಟ ಶುರು. ಸೀಸದ ಗೋಡೆಯ ಹಾಟ್ ಸೆಲ್‌ನೊಳಗೆ ಫ್ಲೋರಿನನ್ನು ಅಣುವಿಗೆ ಜೋಡಿಸಬೇಕು, ಉಳಿಕೆ ರಾಸಾಯನಿಕಗಳನ್ನು ತೊಳೆದು ತೆಗೆಯಬೇಕು, 0.22 ಮೈಕ್ರಾನ್ ಸೋಸುಕದಲ್ಲಿ ಸೋಸಬೇಕು, ಸೋಸುಕ ಹರಿದಿಲ್ಲವೆಂದು ಒತ್ತಡ ಕೊಟ್ಟು ನೋಡಬೇಕು, ಆಮ್ಲೀಯತೆ ಅಳೆಯಬೇಕು, ಶುದ್ಧತೆ ಅಳೆಯಬೇಕು, ಬ್ಯಾಕ್ಟೀರಿಯಾದ ವಿಷಾಂಶ ಇದೆಯೇ ಎಂದು ನೋಡಬೇಕು. ಇದೆಲ್ಲಕ್ಕೂ 2 ಗಂಟೆ ಹಿಡಿದರೆ ಕೈಯಲ್ಲಿ ಉಳಿಯುವುದು ಶೇ 47. ಕ್ರಿಮಿರಹಿತವೆಂದು ಖಚಿತಪಡಿಸುವ ಕೃಷಿ ಪರೀಕ್ಷೆಗೆ 14 ದಿನ ಬೇಕು. ಅಷ್ಟು ಕಾದರೆ ಒಂದು ಪರಮಾಣುವೂ ಉಳಿಯದು. ಹಾಗಾಗಿ ಆ ಪರೀಕ್ಷೆ ಶುರುವಾಗಿರುವಾಗಲೇ ಮದ್ದು ರೋಗಿಯ ನರ ಸೇರಿರುತ್ತದೆ. ಇಡೀ ವ್ಯವಸ್ಥೆ ತಯಾರಿಸುವವರ ಶಿಸ್ತಿನ ಮೇಲೆ ನಿಂತಿದೆ, ಆ ಶಿಸ್ತಿಗೆ ತರಬೇತಾದ ಜನ ಬೇಕು. ಯಂತ್ರಕ್ಕಿಂತ ಅವರೇ ಅಪರೂಪ.

ಚುಚ್ಚಿದ ಮೇಲೆ ರೋಗಿ 30ರಿಂದ 50 ನಿಮಿಷ ಸುಮ್ಮನೆ ಕೂರಬೇಕು, ಆಮೇಲೆ ಯಂತ್ರದಲ್ಲಿ 10 ನಿಮಿಷ ಅಲುಗಾಡದೆ ಮಲಗಬೇಕು. ಅಮೈಲಾಯ್ಡ್ ಇಲ್ಲದ ಮಿದುಳಿನ ಚಿತ್ರದಲ್ಲಿ ಒಳಗಿನ ಬಿಳಿ ಭಾಗವಷ್ಟೇ ಕೊಂಬೆ ಚಾಚಿದಂತೆ ಕಾಣುತ್ತದೆ, ಅಂಚು ಖಾಲಿ ಇರುತ್ತದೆ. ಅಮೈಲಾಯ್ಡ್ ಇದ್ದರೆ ಅಂಚಿನ ಬೂದು ಭಾಗವೂ ತುಂಬಿಕೊಂಡು ಕೊಂಬೆ-ಅಂಚುಗಳ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಬೇರೆ ಬೇರೆ ಟ್ರೇಸರ್‌ಗಳ ಫಲಿತಾಂಶವನ್ನು ಒಂದೇ ಅಳತೆಗೆ ತರಲು 2015ರಿಂದ ಸೆಂಟಿಲಾಯ್ಡ್ ಎಂಬ ಮಾಪನವಿದೆ: ಆರೋಗ್ಯವಂತ ಯುವಕರ ಸರಾಸರಿ 0, ಆಲ್ಝೈಮರ್ಸ್ ರೋಗಿಗಳ ಸರಾಸರಿ 100.

ಬೆಲೆ ಇಳಿಯುವುದು ಪಾಲುದಾರರಿಂದ

ಫ್ಲೋರ್ಬೆಟಾಪಿರ್ ಅಮೆರಿಕದ ಮಾರುಕಟ್ಟೆಗೆ ಬಂದಾಗ ಒಂದು ಡೋಸ್‌ಗೆ ಸುಮಾರು 1,600 ಡಾಲರ್. ಡಾಲರ್‌ಗೆ ₹85ರಂತೆ ₹1,36,000. ಸ್ಕ್ಯಾನ್ ಸೇರಿ 3,000 ಡಾಲರ್ ದಾಟುತ್ತಿತ್ತು.

ನಮ್ಮಲ್ಲಿ ಎಫ್‌ಡಿಜಿ ಎಂಬ ಟ್ರೇಸರ್ ಬಳಸಿ ಕ್ಯಾನ್ಸರ್‌ಗೆ ಮಾಡುವ ಪೆಟ್ ಸ್ಕ್ಯಾನ್ ಇಷ್ಟು ದುಬಾರಿ ಅಲ್ಲ. ಅದಕ್ಕೂ ಬೇಕಾಗುವುದು ಅದೇ ಸೈಕ್ಲೋಟ್ರಾನ್, ಅದೇ ನೀರು, ಅದೇ ಫ್ಲೋರಿನ್. ವ್ಯತ್ಯಾಸ ಒಂದೇ: ಎಫ್‌ಡಿಜಿ ದಿನಾ ಬೆಳಿಗ್ಗೆ ತಯಾರಾಗುತ್ತದೆ, ಒಂದು ಬ್ಯಾಚನ್ನು ಹತ್ತಾರು ರೋಗಿಗಳು ಹಂಚಿಕೊಳ್ಳುತ್ತಾರೆ. ಅಮೈಲಾಯ್ಡ್ ಟ್ರೇಸರನ್ನು ಒಬ್ಬ ರೋಗಿಗಾಗಿ ಬೇರೆಯಾಗಿ ಮಾಡಬೇಕಾಗುತ್ತದೆ. ಆ ಬ್ಯಾಚಿನ ರಾಸಾಯನಿಕ, ಪರೀಕ್ಷೆ, ಸಿಬ್ಬಂದಿಯ ಇಡೀ ಬೆಳಗು ಆ ಒಬ್ಬರ ಲೆಕ್ಕಕ್ಕೇ ಬೀಳುತ್ತದೆ.

ಲೆಕ್ಕಕ್ಕೆಂದು ಒಂದು ಬ್ಯಾಚಿನ ಖರ್ಚು ₹1,20,000 ಎಂದಿಟ್ಟುಕೊಳ್ಳೋಣ. ಇದು ಯಾವ ಕೇಂದ್ರದ ದರವೂ ಅಲ್ಲ, ಭಾಗಿಸಲು ಸುಲಭವಾದ ಸಂಖ್ಯೆ ಅಷ್ಟೆ. ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿ 2025-26ರಲ್ಲಿ ದಿನಕ್ಕೆ ₹370. ಒಬ್ಬರೇ ಬಂದರೆ ಈ ಬ್ಯಾಚಿಗೆ 324 ದಿನದ ಕೂಲಿ. ಇಬ್ಬರಾದರೆ ತಲಾ ₹60,000, 162 ದಿನ. ನಾಲ್ವರಾದರೆ 81 ದಿನ. ಆರು ಮಂದಿಯಾದರೆ ತಲಾ ₹20,000, ಅಂದರೆ 54 ದಿನದ ಕೂಲಿ.

ಆರು ಮಂದಿಯನ್ನು ಒಂದೇ ಬೆಳಿಗ್ಗೆ ಒಂದೇ ಯಂತ್ರದಲ್ಲಿ ಮಾಡಬಹುದೇ? ಅರ್ಧ ಗಂಟೆಗೊಬ್ಬರಂತೆ ಚುಚ್ಚಿದರೆ ಕೊನೆಯವರ ಸರದಿ ಎರಡೂವರೆ ಗಂಟೆ ತಡ. ಅವರಿಗೂ 370 ಸಿಗಬೇಕಾದರೆ ಮೊದಲೇ 954 ಎತ್ತಿಡಬೇಕು. ಆರೂ ಜನರದ್ದು ಕೂಡಿಸಿದರೆ ಶುರುವಿನಲ್ಲಿ ಬೇಕಾದದ್ದು 3,753 ಮೆಗಾಬೆಕೆರಲ್, ಹತ್ತು ಜನರ ಡೋಸ್‌ಗೆ ಸಮ. ಸೈಕ್ಲೋಟ್ರಾನಿಗೆ ಇದೇನೂ ಕಷ್ಟವಲ್ಲ. ಒಂದು ಸಲ ಓಡಿಸಿದರೆ ಇದರ ಹತ್ತುಪಟ್ಟು ಫ್ಲೋರಿನ್ ಹುಟ್ಟುತ್ತದೆ. ಕಷ್ಟ ಇರುವುದು ಆರು ರೋಗಿಗಳನ್ನು ಒಂದೇ ದಿನಕ್ಕೆ ಹೊಂದಿಸುವುದರಲ್ಲಿ. ನನ್ನ ಅಭಿಪ್ರಾಯದಲ್ಲಿ ಈ ಸ್ಕ್ಯಾನ್‌ನ ಬೆಲೆ ಇಳಿಸಲು ಹೊಸ ಯಂತ್ರ ಬೇಡ, ಆಸ್ಪತ್ರೆಗಳು ಒಟ್ಟಿಗೆ ಕೂತು ಬರೆದ ಒಂದು ಪಾಳಿ ಪಟ್ಟಿ ಸಾಕು.

ಇನ್ನು ದಾರಿ. ಮಾದಾಪುರದ ಸಂಜೆಯ ಟ್ರಾಫಿಕ್‌ನಲ್ಲಿ ಗಾಡಿ ಅರ್ಧ ಗಂಟೆ ಸಿಕ್ಕಿಬಿದ್ದರೂ ಶೇ 17 ಹೋಯಿತು. ಬೀದರ್‌ಗೆ 3 ಗಂಟೆ ಎಂದರೆ ಒಬ್ಬರ ಡೋಸ್‌ಗೆ ಇಲ್ಲಿಂದ 1,150 ಮೆಗಾಬೆಕೆರಲ್ ಕಳಿಸಬೇಕು. ಕಲಬುರಗಿಗೆ ನಾಲ್ಕೂವರೆ ಗಂಟೆ ಹಿಡಿದರೆ 2,030. ರಸ್ತೆಯಲ್ಲಿ 10 ಗಂಟೆ ತೆಗೆದುಕೊಂಡು ಬೆಂಗಳೂರಿಗೆ ಒಯ್ಯುವುದಾದರೆ 16,300. ಆದರೆ ಬೆಂಗಳೂರಿನಲ್ಲೇ ಸೈಕ್ಲೋಟ್ರಾನ್ ಇರುವುದರಿಂದ ಅದರ ಅಗತ್ಯವಿಲ್ಲ. ಕಾರ್ಬನ್-11ರ ಹಳೆಯ ಟ್ರೇಸರನ್ನು ಬೀದರ್‌ಗೆ ಕಳಿಸಬೇಕಾದರೆ 1,67,000 ಬೇಕು, ಅದು ಆಗುಹೋಗುವ ಮಾತಲ್ಲ. ಬೀದರ್, ಕಲಬುರಗಿಯ ಸಂಖ್ಯೆಗಳು ಮಾತ್ರ ಸೈಕ್ಲೋಟ್ರಾನಿನ ಕೈಗೆಟುಕುವಂಥವು. ಅಲ್ಲಿ ಕ್ಯಾನ್ಸರ್‌ಗೆಂದು ಇಡುವ ಪೆಟ್ ಯಂತ್ರವೇ ವಾರದಲ್ಲಿ ಒಂದು ಬೆಳಿಗ್ಗೆ ಮಿದುಳಿನ ಕೆಲಸಕ್ಕೂ ಒದಗುತ್ತದೆ.

648 ಮಂದಿ ಹೇಳುವುದು

ಎಲ್ಲರಿಗೂ ಈ ಸ್ಕ್ಯಾನ್ ಬೇಕೇ? ಬೇಡ. ಇದಕ್ಕೆ ಉತ್ತರ ಹೈದರಾಬಾದಿನ ದಾಖಲೆಯಲ್ಲೇ ಇದೆ. ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯ ನೆನಪಿನ ಕ್ಲಿನಿಕ್‌ಗೆ ಬಂದ 648 ಡಿಮೆನ್ಶಿಯಾ ರೋಗಿಗಳ ವಿವರವನ್ನು ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದರು. ಅಲ್ಲಾಡಿಯವರು ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ಎರಡು ಭಾಷೆ ಬಲ್ಲವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು ಎಂಬ ಅಂಶ ಅಂದು ಜಗತ್ತಿನ ಗಮನ ಸೆಳೆಯಿತು. ಕನ್ನಡ, ಉರ್ದು, ಮರಾಠಿ, ತೆಲುಗು ಬೆರೆತ ಬೀದರ್‌ನವರು ಹೆಮ್ಮೆಪಡಬಹುದಾದ ಸಂಗತಿ.

ನಮ್ಮ ಲೆಕ್ಕಕ್ಕೆ ಬೇಕಾದದ್ದು ಅದೇ ಪ್ರಬಂಧದ ಇನ್ನೊಂದು ಸಾಲು. 648ರಲ್ಲಿ ಆಲ್ಝೈಮರ್ಸ್ 240. ರಕ್ತನಾಳದ ತೊಂದರೆಯಿಂದ ಬಂದದ್ದು 189. ಹಣೆ ಮತ್ತು ಕಪಾಲದ ಪಕ್ಕದ ಭಾಗ ಸವೆಯುವ ಫ್ರಂಟೋಟೆಂಪೊರಲ್ ಬಗೆ 116. ಲೂಯಿ ಬಾಡಿ ಬಗೆ 55. ಮಿಶ್ರ 48. ಆ 189 ಮಂದಿಯ ಪ್ರಶ್ನೆಗೆ ಎಂಆರ್‌ಐ ಸಾಕು, ಅವರ ಚಿಕಿತ್ಸೆ ರಕ್ತದೊತ್ತಡ, ಸಕ್ಕರೆ ಹಿಡಿತದಲ್ಲಿಡುವುದು. ಆ 116 ಮಂದಿಗೆ ದಿನಾ ತಯಾರಾಗುವ ಅಗ್ಗದ ಎಫ್‌ಡಿಜಿಯೇ ಹೆಚ್ಚು ಹೇಳುತ್ತದೆ, ಏಕೆಂದರೆ ಮಿದುಳಿನ ಯಾವ ಭಾಗ ಸಕ್ಕರೆ ಬಳಸುವುದನ್ನು ಕಡಿಮೆ ಮಾಡಿದೆ ಎಂದು ಅದು ತೋರಿಸುತ್ತದೆ. ಆ 55 ಮಂದಿಗೂ ಪಾರ್ಕಿನ್ಸನ್ ಶಂಕೆ ಇರುವವರಿಗೂ ಟ್ರೋಡ್ಯಾಟ್ ಇದೆ.

ಟ್ರೋಡ್ಯಾಟ್ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು, ಸಣ್ಣ ಊರುಗಳಿಗೆ ಹೊಂದುವ ಟ್ರೇಸರ್ ಅದೇ. ಅದರಲ್ಲಿರುವುದು ಟೆಕ್ನೀಷಿಯಂ-99ಎಂ, ಅರ್ಧಾಯು 6 ಗಂಟೆ. ಅದನ್ನು ಕೊಡುವ ಮಾಲಿಬ್ಡಿನಂ-99ರ ಅರ್ಧಾಯು 66 ಗಂಟೆ. ಮಾಲಿಬ್ಡಿನಂ ತುಂಬಿದ ಜನರೇಟರ್ ವಾರಕ್ಕೊಮ್ಮೆ ಬಂದರೆ ದಿನಾ ಅದರಿಂದ ಟೆಕ್ನೀಷಿಯಂ ಕರೆದುಕೊಳ್ಳಬಹುದು. ಸೈಕ್ಲೋಟ್ರಾನ್ ಬೇಡ, ಪೆಟ್ ಬೇಡ, ಗಾಮಾ ಕ್ಯಾಮೆರಾ ಇದ್ದರೆ ಸಾಕು. ಟ್ರಾಂಬೆಯ ಮಾಲಿಬ್ಡಿನಂ-99 ಘಟಕವನ್ನು 2023ರ ಮೇ 11ರಂದು ದೇಶಕ್ಕೆ ಅರ್ಪಿಸಲಾಗಿದೆ. ಕಲಬುರಗಿಯಲ್ಲಿ ಕೂತು ಮಾಡಬಹುದಾದ ಪರೀಕ್ಷೆಗೆ ಮಾದಾಪುರದವರೆಗೆ ಬರಬೇಕಾಗಿಲ್ಲ.

ಹಾಗಾದರೆ ಅಮೈಲಾಯ್ಡ್ ಟ್ರೇಸರ್ ಬೇಕಾದದ್ದು ಉಳಿದವರಲ್ಲೂ ಕೆಲವರಿಗೆ: ಕಿರಿಯ ವಯಸ್ಸಿನಲ್ಲೇ ಮರೆವು ಶುರುವಾದವರಿಗೆ, ಬೇರೆ ಪರೀಕ್ಷೆಗಳು ಒಂದಕ್ಕೊಂದು ಹೊಂದದವರಿಗೆ, ಅಮೈಲಾಯ್ಡ್ ಕರಗಿಸುವ ಹೊಸ ಔಷಧ ಪಡೆಯಲಿರುವವರಿಗೆ. ಅಂಥವರಿಗೆ ಅದರ ಬೆಲೆ ದೊಡ್ಡದು. ಅಮೆರಿಕದಲ್ಲಿ 11,409 ಮಂದಿಯ ಐಡಿಯಾಸ್ ಅಧ್ಯಯನ 2019ರಲ್ಲಿ ಪ್ರಕಟವಾಯಿತು; ಸ್ಕ್ಯಾನ್ ನೋಡಿದ ಮೇಲೆ ಹತ್ತರಲ್ಲಿ ಆರು ಮಂದಿಯ ಚಿಕಿತ್ಸೆ ಬದಲಾಗಿತ್ತು. ಶೇ 25 ಮಂದಿಯಲ್ಲಿ 'ಆಲ್ಝೈಮರ್ಸ್' ಎಂಬ ಮೊದಲಿನ ತೀರ್ಮಾನವನ್ನೇ ಕೈಬಿಡಬೇಕಾಯಿತು.

ಸ್ಕ್ಯಾನ್ ಬೇಕಾದವರ ಸಂಖ್ಯೆಯನ್ನು ಇನ್ನೂ ಕಡಿಮೆ ಮಾಡಬಲ್ಲ ರಕ್ತಪರೀಕ್ಷೆಗೆ 2025ರ ಮೇ 16ರಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. 499 ಮಂದಿಯ ಪರೀಕ್ಷೆಯಲ್ಲಿ 'ಇಲ್ಲ' ಎಂದು ಬಂದವರಲ್ಲಿ ಶೇ 97.3 ಮಂದಿಗೆ ನಿಜಕ್ಕೂ ಅಮೈಲಾಯ್ಡ್ ಇರಲಿಲ್ಲ. 'ಹೇಳಲಾಗದು' ಎಂದು ಬಂದವರು ಶೇ 20ಕ್ಕಿಂತ ಕಡಿಮೆ. ರಕ್ತದ ಜರಡಿ ಮೊದಲು, ಸಂಶಯ ಉಳಿದವರಿಗೆ ಟ್ರೇಸರ್: ಮುಂದಿನ ದಾರಿ ಇದೇ. ಇಲ್ಲವಾದರೆ ನಾಲ್ಕು ಜಿಲ್ಲೆಯ 52 ಸಾವಿರ ಜನರನ್ನು ದಿನಕ್ಕೆ ಆರರಂತೆ, ವರ್ಷಕ್ಕೆ 300 ದಿನ ಸ್ಕ್ಯಾನ್ ಮಾಡಿದರೂ 29 ವರ್ಷ ಬೇಕು.

ಇನ್ನೂ ಕಾಣದ ಪ್ರೋಟೀನು

ಪಾರ್ಕಿನ್ಸನ್‌ನ ಆಲ್ಫಾ-ಸಿನ್ಯೂಕ್ಲಿನ್ ತೋರಿಸುವ ಟ್ರೇಸರ್ ಎಲ್ಲರ ಬಳಕೆಗೆ ಇನ್ನೂ ಬಂದಿಲ್ಲ. ಅದು ಅಮೈಲಾಯ್ಡ್‌ಗಿಂತ ಹತ್ತಾರು ಪಟ್ಟು ಕಡಿಮೆ, ಜೀವಕೋಶದ ಒಳಗೆ ಅಡಗಿರುತ್ತದೆ, ಆಕಾರದಲ್ಲಿ ಅಮೈಲಾಯ್ಡ್, ಟೌ ಎರಡನ್ನೂ ಹೋಲುತ್ತದೆ. ಅಂಥ ಟ್ರೇಸರ್ ಕಂಡುಹಿಡಿಯುವವರಿಗೆ ಮೈಕೆಲ್ ಜೆ. ಫಾಕ್ಸ್ ಪ್ರತಿಷ್ಠಾನ 2016ರಲ್ಲಿ 20 ಲಕ್ಷ ಡಾಲರ್ ಬಹುಮಾನ ಘೋಷಿಸಿತು. 2023ರಲ್ಲಿ ಒಂದು ಟ್ರೇಸರ್, ಪಾರ್ಕಿನ್ಸನ್‌ನ ಹತ್ತಿರದ ಇನ್ನೊಂದು ಕಾಯಿಲೆಯಾದ ಎಂಎಸ್‌ಎ ರೋಗಿಗಳಲ್ಲಿ ಈ ಪ್ರೋಟೀನನ್ನು ತೋರಿಸಿತು. ಪಾರ್ಕಿನ್ಸನ್‌ನಲ್ಲಿ ಅಷ್ಟು ಚೆನ್ನಾಗಿ ಕಾಣಲಿಲ್ಲ. ಅಂಟುವ ಜಾಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ: ಜಪಾನಿನ ಟಿಎಚ್‌ಕೆ-5351 ಎಂಬ ಟೌ ಟ್ರೇಸರ್ ಬಹುಪಾಲು ಎಂಎಒ-ಬಿ ಎಂಬ ಕಿಣ್ವಕ್ಕೆ ಅಂಟುತ್ತಿತ್ತು. ಪಾರ್ಕಿನ್ಸನ್‌ನ ಹಳೆಯ ಮಾತ್ರೆ ಸೆಲಿಜಿಲಿನ್ ಕೊಟ್ಟಾಗ ಅದರ ಹೊಳಪು ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೆ ಇಳಿಯಿತು.

ಹೊಸ ಅಣುವನ್ನು ಮೊದಲು ಪರೀಕ್ಷಿಸುವುದು ತೀರಿಕೊಂಡವರ ಮಿದುಳಿನ ತೆಳು ಹೋಳುಗಳ ಮೇಲೆ. ಅಂಥ ಸಂಗ್ರಹ ನಮ್ಮಲ್ಲಿದೆ: 1995ರಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ಶುರುವಾದ ನಿಮ್ಹಾನ್ಸ್‌ನ ಮಿದುಳು ಬ್ಯಾಂಕ್. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ಅಮೈಲಾಯ್ಡ್‌ಗೆ ಅಂಟಿ ಬೆಳಗುವ ಅಣುಗಳನ್ನು ಕಟ್ಟುತ್ತಿದೆ. ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರಕ್ಕೆ ಕ್ರಿಸ್ ಗೋಪಾಲಕೃಷ್ಣನ್ ದಂಪತಿ ₹225 ಕೋಟಿ ಕೊಟ್ಟರು. ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಅದರದ್ದು. ರಸಾಯನವೂ ಇದೆ, ಮಿದುಳೂ ಇದೆ, ಹಳ್ಳಿಯ ಜನರೂ ಇದ್ದಾರೆ. ಇವು ಮೂರನ್ನೂ ಒಂದೇ ಯೋಜನೆಯಡಿ ತರುವ ಖರ್ಚು ಒಂದು ಹೊಸ ಯಂತ್ರದ ಖರ್ಚಿಗಿಂತ ಕಡಿಮೆ ಎಂಬುದು ನನ್ನ ನಂಬಿಕೆ.

ಕಲ್ಯಾಣ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳು ಹೈದರಾಬಾದಿನ ಕೇಂದ್ರಗಳ ಜೊತೆ ತಿಂಗಳಿಗೆ ಒಂದು ದಿನ ಗೊತ್ತುಮಾಡಿ, ನಿಜಕ್ಕೂ ಬೇಕಾದ ಆರು ಮಂದಿಯನ್ನು ಒಟ್ಟಿಗೆ ಕಳಿಸಲಿ. ಅಷ್ಟರಿಂದಲೇ ಟ್ರೇಸರ್‌ನ ಬೆಲೆ ಆರರಲ್ಲಿ ಒಂದಕ್ಕೆ ಇಳಿಯುತ್ತದೆ. ಮನೆಯಲ್ಲಿ ಹಿರಿಯರಿಗೆ ಮರೆವು ಕಂಡಿದ್ದರೆ ನೀವು ಮೊದಲು ಥೈರಾಯ್ಡ್, ಬಿ12 ರಕ್ತಪರೀಕ್ಷೆ, ನೆನಪಿನ ಪರೀಕ್ಷೆ, ಎಂಆರ್‌ಐ ಇಷ್ಟನ್ನು ಮುಗಿಸಿ. ಮರೆವು ಬಿ12 ಕೊರತೆಯಿಂದ ಬಂದಿದ್ದರೆ ಅದನ್ನು ಸರಿಪಡಿಸಬಹುದು. ಆಮೇಲೂ ಅಮೈಲಾಯ್ಡ್ ಸ್ಕ್ಯಾನ್ ಬರೆದುಕೊಟ್ಟರೆ ದುಡ್ಡು ಕಟ್ಟುವ ಮೊದಲು ಡಾಕ್ಟರರನ್ನು ಎರಡು ಮಾತು ಕೇಳಿ: ಇದರ ಉತ್ತರದಿಂದ ಚಿಕಿತ್ಸೆ ಬದಲಾಗುತ್ತದೆಯೇ, ಅದೇ ದಿನ ಇನ್ನೆಷ್ಟು ಜನರಿಗೆ ಈ ಮದ್ದು ತಯಾರಾಗುತ್ತದೆ?